ಬಟ್ಟೆ ತುರುಕುವುದನ್ನು ಮರೆಯಬೇಡಿ

ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡನ್ನು, ಅಂದರೆ ಎಂಜಿನ್‌ನ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಭಾಗವನ್ನು, ಮನೆಯಲ್ಲೇ ಬಿಚ್ಚಿ ತೊಳೆಯುವ ಕುರಿತ ಲೇಖನದಲ್ಲಿ ಲೇಖಕರು ಅದರ ಕ್ರಮವನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಅತಿ ಮುಖ್ಯವಾದ ಒಂದು ಮಾತು ಬಿಟ್ಟುಹೋಗಿದೆ. ಮ್ಯಾನಿಫೋಲ್ಡ್ ಕೈಗೆ ಬಂದ ಕೂಡಲೇ ಸಿಲಿಂಡರ್ ಹೆಡ್‌ನಲ್ಲಿ (ಸಿಲಿಂಡರ್‌ಗಳನ್ನು ಮೇಲಿಂದ ಮುಚ್ಚುವ ಭಾಗ) ಬಾಯ್ದೆರೆದ ರಂಧ್ರಗಳಿಗೆಲ್ಲ ಒಣ ಬಟ್ಟೆ ತುರುಕಬೇಕು. ಒಂದೇ ಒಂದು ನಟ್ ಒಳಗೆ ಬಿದ್ದರೂ ಇಡೀ ಹೆಡ್ ಬಿಚ್ಚಬೇಕಾದೀತು. ಜೋಡಿಸುವಾಗ ಆ ಬಟ್ಟೆಗಳನ್ನು ಎಣಿಸಿ ತೆಗೆಯಿರಿ.

ಆಗುಂಬೆ ಘಾಟಿ ಹತ್ತುವಾಗ ಏದುಸಿರು ಬಿಡುತ್ತಿದ್ದ ನನ್ನ ಡೀಸೆಲ್ ಕಾರಿನ ಮ್ಯಾನಿಫೋಲ್ಡನ್ನು ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ನಮ್ಮ ಅಡಿಕೆ ಅಂಗಳದಲ್ಲೇ ಬಿಚ್ಚಿದೆ. ಒಳಗೆಲ್ಲ ಡಾಂಬರಿನಂಥ ಕಪ್ಪು ಮಡ್ಡಿ. ಹೆಬ್ಬೆರಳು ತೂರುವಷ್ಟೇ ದಾರಿ ಉಳಿದಿತ್ತು. ಹೊಗೆಯ ಒಂದು ಪಾಲನ್ನು ಇಜಿಆರ್ ಎಂಬ ವಾಲ್ವ್ ಎಂಜಿನ್‌ಗೇ ಮರಳಿ ಕಳಿಸುತ್ತದೆ; ಆ ಹೊಗೆಯ ಮಸಿಗೆ ಎಂಜಿನ್‌ನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನ ಎಣ್ಣೆಯ ಆವಿ ಬೆರೆತು ಹೀಗೆ ಗಟ್ಟಿಯಾಗುತ್ತದೆ.

ದಯವಿಟ್ಟು ಕಾಸ್ಟಿಕ್ ಸೋಡಾ ಬಳಸಬೇಡಿ, ಅಲ್ಯೂಮಿನಿಯಂ ಅನ್ನು ಅದು ತಿಂದುಹಾಕುತ್ತದೆ. ಮರದ ಕಡ್ಡಿಯಿಂದ ಕೆರೆದು, ಡೀಸೆಲ್‌ನಲ್ಲಿ ನೆನೆಸಿ, ಬಾಟಲಿ ತೊಳೆಯುವ ಬ್ರಷ್‌ನಿಂದ ಉಜ್ಜಿದರೆ ಸಾಕು. ಆಮೇಲೆ ಪೂರ್ತಿ ಒಣಗಲೇಬೇಕು. ಒಳಗೆ ಡೀಸೆಲ್ ನಿಂತಿದ್ದರೆ ಎಂಜಿನ್ ಅದನ್ನು ಎಳೆದುಕೊಂಡು, ಅದರ ವೇಗ ಹಿಡಿತ ತಪ್ಪಿ ಏರಬಹುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ಜೋಡಿಸುವಾಗ ಸಂದಿಯಲ್ಲಿ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಹೊಸದೇ ಇರಲಿ.