ಮನೆಯಲ್ಲೇ ವೈನ್, ಬಿಯರ್: ಕಾನೂನು ಒಪ್ಪಬೇಕೇ?

ಪರ: ಒಂದು ಜಾಡಿ ದ್ರಾಕ್ಷಿಗೆ ಇಷ್ಟು ಭಯ ಯಾಕೆ?

ಡಿಸೆಂಬರ್ ಬಂದರೆ ಮೈಸೂರಿನ ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಕೇಕ್ ಜೊತೆ ಸಣ್ಣ ಲೋಟದಲ್ಲಿ ವೈನ್ ಕೊಡುತ್ತಾರೆ. ಅದು ಅಂಗಡಿಯದ್ದಲ್ಲ. ತಿಂಗಳುಗಳ ಮುಂಚೆಯೇ ದೇವರಾಜ ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತಂದು, ತೊಳೆದು, ನೀರು ಒರೆಸಿ, ಹಿಸುಕಿ, ಸಕ್ಕರೆ, ಚೂರು ಈಸ್ಟ್, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ ಹಾಕಿ ಪಿಂಗಾಣಿ ಜಾಡಿಯಲ್ಲಿ ಇಟ್ಟಿದ್ದು. ಹಬ್ಬಕ್ಕೆ ಪಕ್ಕದ ಮನೆಗೂ ಒಂದು ಬಾಟಲಿ ಹೋಗುತ್ತದೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಐದು ಲೀಟರಿನ ಹಬ್ಬದ ಜಾಡಿಯೂ ತಯಾರಿಕೆಯೇ, ಹಳ್ಳದ ಬದಿಯ ಕಳ್ಳಭಟ್ಟಿಯೂ ತಯಾರಿಕೆಯೇ.

ನನ್ನ ತಕರಾರು ಇರುವುದು ಇಲ್ಲೇ. ಹುದುಗಿಸುವುದಕ್ಕೂ ಭಟ್ಟಿ ಇಳಿಸುವುದಕ್ಕೂ ಅಜಗಜಾಂತರ. ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಬರುತ್ತದೆ. ಶೇ 14–15ರ ಹೊತ್ತಿಗೆ ಸಾಮಾನ್ಯವಾಗಿ ಈಸ್ಟೇ ಸುಸ್ತಾಗಿ ಕೆಲಸ ನಿಲ್ಲಿಸುತ್ತದೆ. ಜಾಡಿಯಲ್ಲಿ ಎಷ್ಟು ದಿನ ಇಟ್ಟರೂ ವೈನ್ ವಿಸ್ಕಿ ಆಗುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರನ್ನು ಕೊಂದದ್ದು ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್. ಹಣ್ಣು ಹುದುಗುವಾಗಲೂ ಅದು ಚೂರು ಹುಟ್ಟುತ್ತದೆ, ನಿಜ. ಆದರೆ ಪ್ರಾಣ ತೆಗೆಯುವಷ್ಟು ಅಲ್ಲವೇ ಅಲ್ಲ. ಈ ಲೆಕ್ಕ ಗೊತ್ತಿಲ್ಲದೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ.

ಇನ್ನೊಂದು ತಮಾಷೆ ನೋಡಿ. ಗ್ರಂಥಿಗೆ ಅಂಗಡಿಗೆ ಹೋಗಿ ದ್ರಾಕ್ಷಾರಿಷ್ಟ ಕೇಳಿದರೆ ಕೊಡುತ್ತಾರೆ. ಅದೂ ದ್ರಾಕ್ಷಿ ಹುದುಗಿಸಿದ್ದೇ, ಅದರಲ್ಲೂ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಲೇಬಲ್ ಮೇಲೇ ಬರೆದಿರುತ್ತದೆ. ಇನ್ನು ವಿನೆಗರ್. ಮನೆಯಲ್ಲಿ ಹಣ್ಣಿನ ವಿನೆಗರ್ ಮಾಡಿದರೆ ಎಲ್ಲರೂ ಭೇಷ್ ಅಂತಾರೆ. ವಿನೆಗರ್ ಆಗುವ ಮುಂಚೆ ಅದು ವೈನೇ ಆಗಿತ್ತು, ಅಲ್ವಾ?

ಬಿಯರ್ ವಿಷಯಕ್ಕೆ ಬಂದರೆ ನನಗೆ ಆಸೆ ಹುಟ್ಟಿಸುವುದು ಬಾರ್ಲಿ ಅಲ್ಲ, ರಾಗಿ. ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು ಹಿಟ್ಟು ಮಾಡುವುದು ಮಂಡ್ಯ, ಮೈಸೂರು ಕಡೆಯ ಅಜ್ಜಿಯರಿಗೆ ಹೇಳಿಕೊಡಬೇಕಿಲ್ಲ. ಮಗುವಿನ ರಾಗಿ ಸರಿ ಮಾಡುವುದೇ ಹಾಗೆ. ಅದೇ ಮೊಳಕೆ ರಾಗಿಯನ್ನು ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಬಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಬಾಯಿಗೆ ಹಾಕಿದರೆ ಸಿಹಿ ಗೊತ್ತಾಗುತ್ತದೆ. ಆಮೇಲೆ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಹಾಕಿ ಕುದಿಸುವುದು, ಆರಿಸುವುದು, ಈಸ್ಟ್ ಹಾಕುವುದು. ಸೋಸುವುದು ಮಾತ್ರ ತಲೆನೋವು. ಬಾರ್ಲಿಗೆ ಇರುವ ಹೊಟ್ಟು ರಾಗಿಗಿಲ್ಲ, ಎಲ್ಲ ಅಂಟಂಟಾಗಿ ಬಟ್ಟೆ ಕಟ್ಟಿಕೊಳ್ಳುತ್ತದೆ. ಸಿಕ್ಕಿಂನಲ್ಲಿ ಇದೇ ಧಾನ್ಯವನ್ನು ಹುದುಗಿಸಿ, ಬಿಸಿನೀರು ಹುಯ್ದು, ತೋಂಗ್ಬಾ ಅನ್ನುವ ಪಾತ್ರೆಯಿಂದ ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ. ರಾಗಿ ಬೆಳೆಯುವ ನಾವು ಅಂಬಲಿ ಹುಳಿ ಬರಿಸುವಲ್ಲಿಗೇ ನಿಂತಿದ್ದೇವೆ.

ಕದ್ದು ಮಾಡುವುದರ ನಿಜವಾದ ಅಪಾಯ ಅಂದರೆ ಕೇಳಲು ಯಾರೂ ಇಲ್ಲದಿರುವುದು. ಮೈಸೂರಿನಲ್ಲಿ 1950ರಿಂದ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಆಹಾರ ಹುದುಗಿಸುವ ವಿದ್ಯೆ ಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ. ಆದರೂ ಜಾಡಿಯ ಮೇಲೆ ಬಿಳಿ ಪೊರೆ ಕಟ್ಟಿದರೆ ಅದು ಏನು, ಚೆಲ್ಲಬೇಕಾ, ಬೇಡವಾ ಅಂತ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಸಕ್ಕರೆ ಪೂರ್ತಿ ಹುದುಗುವ ಮುಂಚೆ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿದರೆ ಒಳಗೆ ಗ್ಯಾಸ್ ತುಂಬಿ ಗಾಜು ಸಿಡಿಯುತ್ತದೆ. ಗ್ಯಾಸ್ ಹೊರಹೋಗಲು ನೀರು ತುಂಬಿದ ಏರ್‌ಲಾಕ್ ಸಿಗುತ್ತದೆ. ಸಕ್ಕರೆ ಎಷ್ಟು ಉಳಿದಿದೆ ಅಂತ ನೋಡಲು ಹೈಡ್ರೋಮೀಟರ್ ಇದೆ. ಇವೆಲ್ಲ ರಹಸ್ಯಗಳೇನಲ್ಲ. ನಾವೇ ರಹಸ್ಯ ಮಾಡಿಟ್ಟುಕೊಂಡಿದ್ದೇವೆ.

ಬ್ರಿಟನ್‌ನಲ್ಲಿ 1963ರಲ್ಲೇ ಮನೆ ಬಿಯರ್‌ಗೆ ಪರವಾನಗಿ ಬೇಡ ಅಂದರು. ಅಮೆರಿಕ 1978ರ ಕಾನೂನಿನಲ್ಲಿ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಬಿಯರ್ ತನಕ ಬಿಟ್ಟಿತು. ಅಂದರೆ 750 ಲೀಟರಿನ ಹತ್ತಿರ! ಅಷ್ಟು ನಮಗೆ ಬೇಡವೇ ಬೇಡ. ಮನೆಗೆ ವರ್ಷಕ್ಕೆ 20 ಲೀಟರ್ ಸಾಕು. ಮಾರುವ ಹಾಗಿಲ್ಲ, ಭಟ್ಟಿ ಇಳಿಸುವ ಹಾಗಿಲ್ಲ. ಅಬಕಾರಿ ರಾಜ್ಯದ ವಿಷಯ. ದೆಹಲಿಯ ಮುಖ ನೋಡದೆ ವಿಧಾನಸೌಧದಲ್ಲೇ ತಿದ್ದಬಹುದು.

ವಿರೋಧ: ಆ ಜಾಡಿ ಯಾರ ಮನೆಯಲ್ಲಿದೆ?

ಕ್ರಿಸ್‌ಮಸ್ ವೈನ್ ಬಗ್ಗೆ ನನಗೂ ಜಗಳವಿಲ್ಲ. ಅದನ್ನು ಹಿಡಿಯಲು ಅಬಕಾರಿಯವರು ಮನೆ ಮನೆ ನುಗ್ಗಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಕಾನೂನು ಬರೆಯುವಾಗ ಕುವೆಂಪುನಗರದ ಹವ್ಯಾಸಿಯೊಬ್ಬರೇ ಕಣ್ಣಮುಂದೆ ಇದ್ದರೆ ಸಾಲದು. ಅದೇ ಕಾನೂನು ಮದ್ದೂರಿನ ಪಕ್ಕದ ಹಳ್ಳಿಗೂ, ಪಾಂಡವಪುರದ ಆಲೆಮನೆಗೂ ಅನ್ವಯಿಸುತ್ತದೆ.

ಮಂಡ್ಯದಲ್ಲಿ ದ್ರಾಕ್ಷಿ ಯಾರಿಗೆ ಬೇಕು? ಬೆಲ್ಲ ಇದೆ. ಬೆಲ್ಲ, ನೀರು, ಒಂದಿಷ್ಟು ಕೊಳೆತ ಬಾಳೆಹಣ್ಣು, ಈಸ್ಟ್. ಇದೂ ಮನೆ ವೈನೇ ಅಂತ ಯಾರಾದರೂ ಹೇಳಿದರೆ ಇಲ್ಲ ಅನ್ನುವುದು ಹೇಗೆ? ಕಳ್ಳಭಟ್ಟಿಗೆ ಇಡುವ ಬೆಲ್ಲದ ಕೊಳೆಯೂ ಇದೇ. ಒಲೆಯ ಮೇಲೆ ಏರಿಸುವ ತನಕ ಎರಡಕ್ಕೂ ವ್ಯತ್ಯಾಸವಿಲ್ಲ. ಹುದುಗಿಸುವುದು ಬೇರೆ, ಭಟ್ಟಿ ಬೇರೆ ಅನ್ನುವ ಮಾತು ಪಾಠಕ್ಕೆ ಸರಿ. ತೋಟದ ಮನೆಯಲ್ಲಿ ಡ್ರಮ್ಮಿನ ಮುಂದೆ ನಿಂತ ಅಬಕಾರಿ ಇನ್‌ಸ್ಪೆಕ್ಟರಿಗೆ ಆ ಪಾಠ ಉಪಯೋಗಕ್ಕೆ ಬರುವುದಿಲ್ಲ. 'ನಮ್ಮ ಮನೆ ಬಳಕೆಗೆ ಸ್ವಾಮಿ' ಅಂದುಬಿಟ್ಟರೆ ಕೇಸು ಮುಗಿಯಿತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮಾರುವ ಮದ್ಯ ನಿಲ್ಲಿಸಿ ಅಂತ ಹಳ್ಳಿಯ ಹೆಂಗಸರು ಈಗಲೂ ಬೀದಿಗೆ ಇಳಿಯುತ್ತಾರೆ. ಅವರ ಎದುರು ಹೋಗಿ, ಇನ್ನು ಮೇಲೆ ಮನೆಯೊಳಗೇ ಮಾಡಿಕೊಳ್ಳಬಹುದು ಕಣ್ರಮ್ಮಾ ಅಂತ ಹೇಳುವವರು ಯಾರು?

ಅಂಗಡಿಯ ಮದ್ಯಕ್ಕೆ ಬೆಲೆ ಇದೆ. ಬಾಗಿಲು ಹಾಕುವ ಹೊತ್ತು ಇದೆ. ಎದ್ದು ಅಷ್ಟು ದೂರ ಹೋಗಬೇಕು. ಕುಡಿತಕ್ಕೆ ಬಿದ್ದ ಮನೆಯಲ್ಲಿ ಇವೇ ಇರುವ ಮೂರು ಅಡ್ಡಿಗಳು. ಮೂಲೆಯ ಜಾಡಿಗೆ ಆ ಅಡ್ಡಿಗಳು ಯಾವುವೂ ಇಲ್ಲ. ದಿನಾ ಜಾಡಿ ಕಲಕಬೇಕಲ್ಲ, ಅದನ್ನು ಯಾರು ಮಾಡುತ್ತಾರೆ? ಹವ್ಯಾಸ ಗಂಡನದ್ದು, ಪಾತ್ರೆ ಉಜ್ಜುವುದು ಹೆಂಡತಿಯದ್ದು. ಸಿಹಿ ವೈನ್ ಮಕ್ಕಳ ಮೂಗಿಗೆ ಶರಬತ್ತಿನ ಹಾಗೆಯೇ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ.

ಮತ್ತೆ ಆ 20 ಲೀಟರ್. ಕಾಗದದ ಮೇಲೆ ಚೆನ್ನಾಗಿದೆ. ಅಳೆಯಲು ಬರುವವರು ಯಾರು? ಮಿತಿ ಅಂತ ಬರೆದ ಮೇಲೆ ತಪಾಸಣೆ ಬೇಕು, ತಪಾಸಣೆ ಅಂದರೆ ಅಡುಗೆಮನೆಗೆ ಅಧಿಕಾರಿ ಬರಬೇಕು. ಇಲ್ಲದಿದ್ದರೆ ಮಿತಿ ಸುಮ್ನೆ ಅಕ್ಷರ. ಹವ್ಯಾಸಿಗಳು ಇವತ್ತು ಅನುಭವಿಸುತ್ತಿರುವ ನೆಮ್ಮದಿಯೂ ಆಗ ಹೋಗುತ್ತದೆ. ಈ ಲೆಕ್ಕ ಪರವಾಗಿ ಮಾತಾಡುವವರು ಹಾಕಿದಂತೆ ಕಾಣುವುದಿಲ್ಲ.

ದ್ರಾಕ್ಷಾರಿಷ್ಟದ ಹೋಲಿಕೆಯೂ ನನಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಅಷ್ಟೇ ನೀರು ಬೆರೆಸಿ, ಚಮಚದ ಲೆಕ್ಕದಲ್ಲಿ, ಊಟವಾದ ಮೇಲೆ ಕುಡಿಯುತ್ತಾರೆ. ಯಾರೂ ಅದನ್ನು ಇಟ್ಟುಕೊಂಡು ಸಂಜೆ ಸ್ನೇಹಿತರನ್ನು ಕರೆಯುವುದಿಲ್ಲ.

ಹವೆಯ ಮಾತನ್ನೂ ಹೇಳಬೇಕು. ಸಾಮಾನ್ಯ ಬಿಯರ್ ಈಸ್ಟಿಗೆ 18ರಿಂದ 22 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ಮಂಡ್ಯದ ಶೀಟು ಮನೆಯಲ್ಲಿ ಅದನ್ನು ಎಲ್ಲಿ ಹುಡುಕುವುದು? ಸೆಖೆ ಜಾಸ್ತಿಯಾದರೆ ತಲೆನೋವು ತರುತ್ತವೆ ಅನ್ನುವ ಬೇರೆ ಆಲ್ಕೋಹಾಲ್‌ಗಳೂ ಹೆಚ್ಚು ಹುಟ್ಟುತ್ತವೆ. ಹೈಡ್ರೋಮೀಟರ್ ಇಟ್ಟುಕೊಂಡು ಮಾಡುವವರು ನೂರಕ್ಕೆ ಒಬ್ಬರು ಸಿಕ್ಕಿಯಾರು. ಉಳಿದವರು ಹಳೇ ಬಿಯರ್ ಬಾಟಲಿಗೆ ತುಂಬಿ ಮಂಚದ ಕೆಳಗೆ ತಳ್ಳುತ್ತಾರೆ.

ಆರೋಗ್ಯದ ಬಗ್ಗೆ ಉದ್ದ ಮಾತು ಬೇಡ. ಆಲ್ಕೋಹಾಲ್ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿಗೆ ಸೇರಿಸಿತು. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಲಿವರ್‌ಗೆ ರಿಯಾಯಿತಿ ಸಿಗುವುದಿಲ್ಲ. ಮದ್ಯ ಕಡಿಮೆ ಮಾಡಲು ಸರ್ಕಾರ ಪ್ರಯತ್ನಿಸಬೇಕು ಅಂತ ಸಂವಿಧಾನದ 47ನೇ ವಿಧಿಯೂ ಹೇಳುತ್ತದೆ. ಮದ್ಯದ ಆದಾಯದ ಮೇಲೆ ನಿಂತ ಸರ್ಕಾರಕ್ಕೆ ಅದು ನೆನಪಿಲ್ಲ ಅನ್ನುವುದು ಬೇರೆ ವಿಷಯ.

ರಾಗಿ ಬಿಯರ್ ಮಾತು ಕೇಳಿ ನನಗೂ ಕುತೂಹಲವಾಯಿತು, ಸುಳ್ಳೇಕೆ. ಅಂಥದ್ದನ್ನು ಪರವಾನಗಿ ಪಡೆದ ಒಂದು ಕಡೆ, ಕಲಿತವರ ಕೈಯಲ್ಲಿ ಮಾಡಿಸಲಿ, ರಾಗಿ ಬೆಳೆದವನಿಗೂ ನಾಲ್ಕು ಕಾಸು ಬರಲಿ. ಮನೆ ಮನೆಗೆ ಬಿಡುವ ತಿದ್ದುಪಡಿ ತರಲೇಬೇಕು ಅಂತಿದ್ದರೆ, ಮಸೂದೆಯ ಕರಡನ್ನು ಮೊದಲು ಮಂಡ್ಯ ಜಿಲ್ಲೆಯ ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಓದಿ ಹೇಳಲಿ. ಅಲ್ಲಿ ಒಪ್ಪಿದರೆ ನನ್ನ ವಿರೋಧ ವಾಪಸ್.