ದುಬಾರಿ ಹುಳು ಬೇಗ ಹರಿಯುತ್ತದೆ, ಹರಿಯಲಿ ಬಿಡಿ

ದುಡ್ಡು ಜಾಸ್ತಿ ಕೊಟ್ಟರೆ ವಸ್ತು ಜಾಸ್ತಿ ದಿನ ಬಾಳಬೇಕು. ಚಪ್ಪಲಿಯಿಂದ ಮಿಕ್ಸಿವರೆಗೆ ನಮ್ಮವರದ್ದು ಇದೇ ಲೆಕ್ಕ. ಟೆಕ್ಸಾಸ್‌ನಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರ ಅಂಗಡಿಗೆ ಹೋದರೆ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. ಗೋಡೆ ತುಂಬ, ಗಾಳಕ್ಕೆ ಎರೆಯಾಗಿ ಸಿಕ್ಕಿಸುವ ಪ್ಲಾಸ್ಟಿಕ್ ಹುಳುಗಳ ಪ್ಯಾಕೆಟ್ ನೇತಾಡುತ್ತಿರುತ್ತವೆ. ಝೂಮ್ ಕಂಪನಿಯ ಟ್ರಿಕ್ ವರ್ಮ್ 20 ಹುಳುಗಳಿಗೆ 5 ಡಾಲರ್ ಆಸುಪಾಸು. ಯಮಾಮೊಟೊ ಕಂಪನಿಯ ಸೆಂಕೊ 10 ಹುಳುಗಳಿಗೇ 8-9 ಡಾಲರ್. ಒಂದೊಂದು ಹುಳುವಿನ ಲೆಕ್ಕದಲ್ಲಿ ಮೂರು ಪಟ್ಟಿಗೂ ಹೆಚ್ಚು. ಆದರೆ ಬೇಗ ಹರಿದು ತುಂಡಾಗುವುದು ಆ ದುಬಾರಿ ಸೆಂಕೊನೇ!

ಇಲ್ಲಿ ಹೊಸದಾಗಿ ರಾಡ್ ಹಿಡಿದ ನಮ್ಮ ಹುಡುಗರೆಲ್ಲ ಇದನ್ನೇ ಗೊಣಗುತ್ತಾರೆ. 'ಏನ್ ಸಾರ್ ಇದು, ಒಂದು ಮೀನು ಕಚ್ಚಿದ್ದಕ್ಕೇ ಹುಳು ಎರಡು ತುಂಡು!' ನನ್ನ ಪ್ರಕಾರ ಅದು ದೋಷವೇ ಅಲ್ಲ. ನಾವು ಜಾಸ್ತಿ ಕೊಡುವ ದುಡ್ಡು ಅದಕ್ಕೇ.

ಈ ಹುಳುಗಳನ್ನು ಹೆಚ್ಚಾಗಿ ಪ್ಲಾಸ್ಟಿಸಾಲ್ ಎಂಬ ದ್ರವದಿಂದ ಮಾಡುತ್ತಾರೆ. ಪಿವಿಸಿ ಪುಡಿಯನ್ನು ಮೆದುಗೊಳಿಸುವ ಎಣ್ಣೆಯಂಥ ರಾಸಾಯನಿಕದಲ್ಲಿ ಕಲಸಿ, ಕಾಯಿಸಿ, ಅಚ್ಚಿಗೆ ಹೊಯ್ಯುವುದು. ಸೆಂಕೊದಲ್ಲಿ ಇದರ ಜೊತೆ ಉಪ್ಪು ಧಾರಾಳವಾಗಿ ಬೀಳುತ್ತದೆ. ಉಪ್ಪು ಪ್ಲಾಸ್ಟಿಕ್‌ಗಿಂತ ಭಾರ. ಹಾಗಾಗಿ ಸೀಸದ ಗುಂಡು ಕಟ್ಟದಿದ್ದರೂ ಹುಳು ತಾನಾಗಿ ಮುಳುಗುತ್ತದೆ. 5 ಇಂಚಿನದು ಸುಮಾರು 10 ಗ್ರಾಂ ತೂಗುತ್ತದೆ. ಮುಳುಗುವಾಗ ಮೂಗು ಕೆಳಗೆ ಮಾಡಿಕೊಂಡು ಹೋಗುವುದಿಲ್ಲ. ಅಡ್ಡಡ್ಡವಾಗಿ, ಎರಡೂ ತುದಿ ಸಣ್ಣಗೆ ನಡುಗಿಸುತ್ತ ಇಳಿಯುತ್ತದೆ. ಬಾಸ್ ಸಾಮಾನ್ಯವಾಗಿ ಬಾಯಿ ಹಾಕುವುದು ಈ ಇಳಿಯುವ ಹೊತ್ತಿನಲ್ಲೇ. ಉಪ್ಪು ಜಾಸ್ತಿಯಾದಷ್ಟೂ ಪ್ಲಾಸ್ಟಿಕ್‌ನ ಹಿಡಿತ ಸಡಿಲ. ಆ ನಡುಕವೂ ಬೇಕು, ಹರಿಯಲೂ ಬಾರದು ಎಂದರೆ ಎಲ್ಲಿಂದ ತರೋಣ?

ಕಾವೇರಿಯ ರೂಢಿ ಬೇರೆ. ಭೀಮೇಶ್ವರಿ ಕಡೆ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಗಾಳ ಹಾಕುತ್ತಿದ್ದ ಕಾಲದಲ್ಲಿ ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟುತ್ತಿದ್ದರು. ಆ ಸೆಳವಿನಲ್ಲಿ ಉಂಡೆ ಗಾಳಕ್ಕೆ ಕಚ್ಚಿಕೊಂಡು ನಿಲ್ಲಬೇಕು. ಕರಗಿಹೋದರೆ ಕೆಲಸ ಕೆಟ್ಟಿತು. ಈಗ ಅಲ್ಲಿನ ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕುವಂತಿಲ್ಲ, ಅದು ಒಳ್ಳೆಯದೇ ಆಯಿತು. ಆದರೆ ಎರೆ ಅಂದರೆ ಗಟ್ಟಿ ಇರಬೇಕು ಎಂಬ ಎಣಿಕೆಯನ್ನು ನಮ್ಮವರು ಇಲ್ಲಿಗೂ ಹೊತ್ತು ತರುತ್ತಾರೆ. ಹರಿಯುವ ಹೊಳೆಗೆ ಅದು ಸರಿ. ನಿಂತ ನೀರಿನ ಕೆರೆಗೆ ಅಷ್ಟು ಸರಿಯಲ್ಲ.

ಹಾಗಂತ ಯಾವಾಗಲೂ ದುಬಾರಿಯದನ್ನೇ ಕೊಳ್ಳಿ ಎನ್ನುತ್ತಿಲ್ಲ. ರಿಗ್ ಅಂದರೆ ಗಾಳಕ್ಕೆ ಹುಳು ಸಿಕ್ಕಿಸುವ ಬಗೆ. ಟೆಕ್ಸಾಸ್ ರಿಗ್ ಕಟ್ಟಿದಾಗ ಹುಳುವಿನ ಮುಂದೆ ಬುಲೆಟ್ ಆಕಾರದ ತೂಕ ಇರುತ್ತದೆ. ಹುಳು ಹೇಗೆ ಇಳಿಯಬೇಕು ಎಂದು ಆ ತೂಕವೇ ತೀರ್ಮಾನಿಸುತ್ತದೆ. ಉಪ್ಪಿನ ಕಸರತ್ತು ಅಲ್ಲಿ ದಂಡ. ಅಲ್ಲಿಗೆ ನಾನು ಅಗ್ಗದ್ದನ್ನೇ ಹಾಕುತ್ತೇನೆ. ಬ್ಲೂಗಿಲ್ ಎಂಬ ಪುಟ್ಟ ಮೀನುಗಳು ಬಾಲ ಕಿತ್ತು ಕಿತ್ತು ತಿನ್ನುವ ಬೇಸಿಗೆಯಲ್ಲಂತೂ ಡಾಲರ್ ಬೆಲೆಯ ಹುಳು ಬಿಡುವುದು ಅವಕ್ಕೆ ಊಟ ಹಾಕಿದ ಹಾಗೆ. ಬಾಸ್ ಪ್ರೋ ಅಂಗಡಿಯವರದೇ ಸ್ಟಿಕ್-ಓ ಇದೆ, ನೋಡಲು ಸೆಂಕೊ ಥರವೇ, ಬೆಲೆ ಬಹಳ ಕಡಿಮೆ. ಆದರೆ ಬರಿಗಾಳಕ್ಕೆ ಮಧ್ಯದಲ್ಲಿ ಚುಚ್ಚಿ ಬಿಡುವ ವ್ಯಾಕಿ ರಿಗ್‌ಗೆ ನನ್ನ ಓಟು ಸೆಂಕೊಗೇ. ಹುಳುವಿನ ನಡುವಿಗೊಂದು ಚಿಕ್ಕ ರಬ್ಬರ್ ಉಂಗುರ ತೊಡಿಸಿ ಅದರಡಿ ಗಾಳ ತೂರಿಸಿದರೆ ಇನ್ನೂ ಒಂದೆರಡು ಮೀನಿಗೆ ಬರುತ್ತದೆ.

ಬಣ್ಣದ ವಿಷಯ ಕೇಳಲೇಬೇಡಿ. ಆ ನೂರೆಂಟು ಬಣ್ಣಗಳು ಮೀನಿಗಿಂತ ಮನುಷ್ಯರನ್ನೇ ಜಾಸ್ತಿ ಹಿಡಿಯುತ್ತವೆ.

ಈಗ ದುಬಾರಿ ಎನಿಸುವುದು ನಿಜಕ್ಕೂ ದುಬಾರಿಯೇ ಎಂದೂ ನೋಡಬೇಕು. ಓಹಾಯೋದ ಆಕ್ರನ್‌ನಲ್ಲಿ ನಿಕ್ ಕ್ರೀಮ್ 1949ರಲ್ಲಿ ಪ್ಲಾಸ್ಟಿಕ್ ಹುಳು ಅಚ್ಚು ಹಾಕಿದರು. 1951ರಲ್ಲಿ ಅಂಚೆ ಮೂಲಕ ಡಾಲರಿಗೆ ಐದರಂತೆ ಮಾರಿದರು. ಆ ಒಂದು ಡಾಲರ್ ಇವತ್ತಿನ ಹನ್ನೆರಡು ಡಾಲರಿಗೆ ಹತ್ತಿರ ಹತ್ತಿರ. ಅಂದರೆ ಒಂದು ಹುಳುವಿಗೆ ಎರಡು ಡಾಲರಿಗೂ ಮೇಲೆ! ಇವತ್ತಿನ ಸೆಂಕೊ ಅದರ ಅರ್ಧ ಬೆಲೆಯೂ ಇಲ್ಲ. ಆಗಿನ ಜನ ಆದರೂ ಮುಗಿಬಿದ್ದು ಕೊಂಡರು. ಕ್ರೀಮ್ ಕಂಪನಿ ಆಮೇಲೆ ಟೆಕ್ಸಾಸ್‌ನ ಟೈಲರ್‌ಗೆ ಬಂತು. ದೊಡ್ಡ ಬಾಸ್‌ಗೆ ಹೆಸರಾದ ಲೇಕ್ ಫೋರ್ಕ್ ಅಲ್ಲಿಂದ ದೂರವೇನಲ್ಲ.

ದುಬಾರಿ ಹುಳುವಿನ ವಿರುದ್ಧ ನನಗೆ ಗಟ್ಟಿ ಅನಿಸುವ ವಾದ ಒಂದೇ, ಅದು ಬೆಲೆಯದ್ದಲ್ಲ. ಹರಿದ ತುಂಡು ಕೆರೆಯ ತಳ ಸೇರುತ್ತದೆ, ಕರಗುವುದಿಲ್ಲ, ಕೆಲವು ಮೀನಿನ ಹೊಟ್ಟೆಗೂ ಹೋಗುತ್ತದೆ. ಮೇಯ್ನ್ ರಾಜ್ಯದಲ್ಲಿ 2013ರಲ್ಲಿ ಇಂಥ ಹುಳುಗಳನ್ನು ನಿಷೇಧಿಸುವ ಮಸೂದೆಯೇ ಬಂದಿತ್ತು, ನಿಷೇಧ ಮಾತ್ರ ಜಾರಿಗೆ ಬರಲಿಲ್ಲ. ಝೀ-ಮ್ಯಾನ್ ಕಂಪನಿಯವರ ಇಲಾಝ್‌ಟೆಕ್ ಎಂಬ ವಸ್ತುವಿನ ಹುಳು ಎಷ್ಟು ಎಳೆದರೂ ಸುಲಭಕ್ಕೆ ಹರಿಯದು. ಆದರೆ ಅದು ತೇಲುತ್ತದೆ, ಸೆಂಕೊ ಇಳಿದಂತೆ ಇಳಿಯುವುದಿಲ್ಲ. ತೂಕದ ತಲೆ ಸಿಕ್ಕಿಸುವ ನೆಡ್ ರಿಗ್‌ಗೆ ಮಾತ್ರ ಅದನ್ನು ಮೀರಿಸುವುದು ಕಷ್ಟ. ಕೊಂಡರೆ ಅದರ ಪ್ಯಾಕೆಟ್‌ನಲ್ಲೇ ಇಡಿ. ಬೇರೆ ಹುಳುಗಳ ಜೊತೆ ಹಾಕಿದರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಸೆಂಕೊ ತುಂಡುಗಳನ್ನು ನೀರಿಗೆಸೆಯದೆ ಡಬ್ಬಿಯಲ್ಲಿ ಕೂಡಿಡಿ. ಕೆಲವರು ಅದನ್ನು ಕಾಯಿಸಿ ಮತ್ತೆ ಅಚ್ಚಿಗೆ ಹೊಯ್ಯುತ್ತಾರೆ. ಅಡುಗೆಮನೆಯಲ್ಲಿ ಮಾತ್ರ ಬೇಡ, ಆ ಹೊಗೆ ಕೆಟ್ಟದ್ದು.