ಹೆಬ್ಬೆರಳಿನ ಮೀಟರು

ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಕಂಡ ಕಂಡ ಟೈರನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸವಿದೆ. ಅದರ ಫಲವಾಗಿ ಮೊನ್ನೆ ಭಾನುವಾರ ನನ್ನ ಅಂಗೈಯಲ್ಲಿ ಎದ್ದ ಗುಳ್ಳೆ ಇನ್ನೂ ಆರಿಲ್ಲವಾದ್ದರಿಂದ, ಈ ಬರಹದಲ್ಲಿ ಯಾರೂ ಸಮಚಿತ್ತವನ್ನು ನಿರೀಕ್ಷಿಸಬಾರದು.

ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಸೈಕಲ್ ರೇಸಿಗೆ ಹೆಸರು ಕೊಟ್ಟಿದ್ದೆ. ಎರಡನೆಯ ಬೆಣ್ಣೆದೋಸೆಯ ಅಮಲಿನಲ್ಲಿ, ಗೆಳೆಯರೆದುರು ಕೊಟ್ಟ ಹೆಸರದು. ದೋಸೆ ಕರಗಿದ ಮೇಲೆ ಹೊಟ್ಟೆಯಲ್ಲಿ ಅಂಜಿಕೆಯೊಂದೇ ಉಳಿಯಿತು. ಹರಿಹರದ ರಸ್ತೆಯಲ್ಲಿ ಹೋಗಿಬರಬೇಕಾದದ್ದು ಬರೀ 20 ಕಿ.ಮೀ. ಧೈರ್ಯಕ್ಕೆಂದು ಓದಲು ಕುಳಿತರೆ, 1903ರ ಮೊಟ್ಟಮೊದಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಹೊರಟವರು 60 ಮಂದಿ, ಮುಗಿಸಿದವರು 21 ಮಂದಿ ಎಂದು ತಿಳಿಯಿತು. ಉಳಿದ 39 ಮಂದಿಯೊಡನೆ ನನಗೆ ಆ ಕ್ಷಣವೇ ನೆಂಟಸ್ತಿಕೆ ಬೆಳೆಯಿತು.

ಭಾನುವಾರ ಬೆಳಗಿನ ಐದು ಗಂಟೆ. ಗಾಳಿಯ ಒತ್ತಡವನ್ನು ಅಳೆಯುವ ಪಿಎಸ್‌ಐ ಲೆಕ್ಕದಲ್ಲಿ ಸ್ಕೂಟರಿನ ಚಕ್ರಕ್ಕೆ 30ರ ಆಸುಪಾಸು ಸಾಕಾದರೆ, ನನ್ನ ಸೈಕಲ್ಲಿನ ತೆಳು ಟೈರಿಗೆ 90 ಬೇಕು. ಅದರ ವಾಲ್ವು ಕಡ್ಡಿಯಷ್ಟು ಸಣ್ಣದು. ತುದಿಯ ಪುಟ್ಟ ತಿರುಪನ್ನು ಸಡಿಲಿಸಿ ಒತ್ತಿದರೆ ಗಾಳಿ ಹೊರಗೆ. ತಿರುಪು ಸಡಿಲಿಸಿ, ಪಂಪು ತರಲು ನಾನು ಒಳಗೆ ಹೋದೆ. ಅಷ್ಟರಲ್ಲಿ ಮೇಷ್ಟ್ರು ಹಾಜರು. ಇಷ್ಟು ದಿನ "ಗಾಳಿ ಕಡಿಮೆ ಐತಿ ತಮ್ಮಾ" ಎನ್ನುತ್ತಿದ್ದವರ ಹೆಬ್ಬೆರಳು ಅಂದು ಸ್ವಲ್ಪವೂ ಒಳಗಿಳಿಯಲಿಲ್ಲವಂತೆ. ನಾನು ಹೊರಬರುವಾಗ ಬೀದಿಯ ನಾಯಿಗಳೂ ಕಿವಿ ನಿಮಿರಿಸುವಂತೆ 'ಸುಸ್ಸ್' ಎಂಬ ಸದ್ದು ಮುಗಿಯುತ್ತಿತ್ತು.

"ಕಲ್ಲಾಗಿತ್ತು ತಮ್ಮಾ, ಒಡೆದಿರೋದು. ಈಗ ಹದಾ ಆತು ನೋಡು."

ಪಂಕ್ಚರ್ ಅಂಗಡಿ ತೆರೆದಿರಲಿಲ್ಲ. ತೆರೆದಿದ್ದರೂ ಅವನ ಪೈಪಿನ ಮೂತಿ ಈ ವಾಲ್ವಿಗೆ ಹೊಂದುವುದಿಲ್ಲ. ಹಾಗಾಗಿ ಅಂಗೈಯಗಲದ ಕೈಪಂಪನ್ನೇ ಒತ್ತತೊಡಗಿದೆ. ಮೇಷ್ಟ್ರು ಮಗ್ಗಿ ಒಪ್ಪಿಸಿಕೊಳ್ಳುವ ದನಿಯಲ್ಲಿ ಎಣಿಸಿದರು. ಎಂಬತ್ತಾರಕ್ಕೆ ಬಂದಾಗ ಹಾಲಿನವನು ಮಾತಾಡಿಸಿದ್ದರಿಂದ ಲೆಕ್ಕ ತಪ್ಪಿ, ಅಪಾರ ಶಿಸ್ತಿನಿಂದ ಮತ್ತೆ ಒಂದರಿಂದ ಶುರುಮಾಡಿದರು.

ಚಿಕ್ಕಂದಿನಲ್ಲಿ ಗಂಟೆಯ ಬಾಡಿಗೆಗೆ ತಂದ ಸೈಕಲ್ಲಿನ ಬಾರಿನಡಿ ಕಾಲು ತೂರಿಸಿ ತುಳಿಯುತ್ತಿದ್ದಾಗ, ಗಾಳಿ ಎಷ್ಟಿದೆಯೆಂದು ನಾವು ಯಾರನ್ನೂ ಕೇಳಿದ್ದಿಲ್ಲ. ಮಂಡಿ ತರಚಿ ರಕ್ತ ಬಂದರೂ, ಗಂಟೆ ಮುಗಿದುಬಿಟ್ಟೀತೆಂಬ ಭಯವೊಂದೇ ಇರುತ್ತಿತ್ತು. ಆ ಹುಡುಗನನ್ನು ಎಲ್ಲಿ ಬಿಟ್ಟು ಬಂದೆನೋ!

ರೇಸಿನ ಗೆರೆ ಮುಟ್ಟುವಾಗಲೇ ಬೆವರಿನಲ್ಲಿ ತೊಯ್ದಿದ್ದ ನನ್ನನ್ನು ಕಂಡು, ಪಕ್ಕದ ಹುಡುಗ "ಒಳ್ಳೇ ವಾರ್ಮ್‌ಅಪ್ ಮಾಡೀರಿ ಸಾರ್" ಎಂದ. ಹೆದರಲು ಬೇಕಾದ ಉಸಿರೆಲ್ಲ ಟೈರಿನೊಳಗೆ ಹೋಗಿತ್ತು. ಸೀಟಿ ಊದಿದಾಗ ಹೆದರಬೇಕಾಗಿತ್ತೆಂಬುದು ನೆನಪಾಗುವ ಮೊದಲೇ ನೂರು ಮೀಟರು ದಾಟಿದ್ದೆ.

ಹಿಂದಿನಿಂದ ಎಣಿಸಿದರೆ ಆರನೆಯವನಾಗಿ ಮುಗಿಸಿ ಮನೆಗೆ ಬಂದರೆ, ಮೇಷ್ಟ್ರು ಗೇಟಿನಲ್ಲೇ ನಿಂತಿದ್ದರು. ಎಷ್ಟನೆಯವನೆಂದು ಕೇಳಲಿಲ್ಲ, ಬಾಗಿ, ಮುಂದಿನ ಚಕ್ರಕ್ಕೆ ಹೆಬ್ಬೆರಳು ಚಾಚಿದರು. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಒಳಗೆ ನಡೆದೆ.